ಹಳೆಯ ಸ್ಲೇಟೋ, ಹೊಸ ಸ್ಲೇಟೋ?

ನಮ್ಮ ಬಾಲ್ಯದಲ್ಲಿ ಸ್ಲೇಟು ಕೊಳ್ಳುವುದು ಆಲೋಚನೆಯ ವಿಷಯವೇ ಆಗಿರಲಿಲ್ಲ. ಅಂಗಡಿಯಲ್ಲಿ ದೊರೆಯುತ್ತಿದ್ದುದು ಒಂದೇ ಬಗೆಯ ಸ್ಲೇಟು. ಅಣ್ಣ ಬರೆದು ಬಿಟ್ಟುದರಲ್ಲಿ ತಮ್ಮ ಬರೆಯುತ್ತಿದ್ದ, ತಮ್ಮ ಬಿಟ್ಟುದರಲ್ಲಿ ತಂಗಿ. ಕೈಜಾರಿ ಒಡೆದರೆ ಅದರ ಆಯುಷ್ಯ ಮುಗಿಯುತ್ತಿತ್ತೇ ಹೊರತು ಕಲ್ಲಿಗೆ ಮುಪ್ಪೆಂಬುದಿರಲಿಲ್ಲ. ಇಂದಿನ ಮಕ್ಕಳ ಕೈಗೆ ಬಂದಿರುವ ಸ್ಲೇಟಿಗೆ ‘ಟ್ಯಾಬ್ಲೆಟ್’ ಎಂದು ಹೆಸರು. ಅದು ಒಡೆಯದಿದ್ದರೂ ಹಳತಾಗುತ್ತದೆ. ಆದುದರಿಂದ, ಹಳೆಯ ಅಗ್ಗದ ಮಾದರಿಯನ್ನು ಕೊಳ್ಳಬೇಕೇ, ಹೆಚ್ಚು ಹಣ ತೆತ್ತು ಅದರ ಉತ್ತರಾಧಿಕಾರಿಯನ್ನು ಕೊಳ್ಳಬೇಕೇ ಎಂಬ ಪ್ರಶ್ನೆ ಮನೆಮನೆಗಳಲ್ಲಿ ತಲೆಯೆತ್ತಿದೆ.

ಸವಣೂರಿನ ನಮ್ಮ ನೆರೆಯ ಅಡಿಕೆ ಕೃಷಿಕರೊಬ್ಬರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಮಗಳು ಪಿ.ಯು.ಸಿ.ಗೆ ಸೇರಿದ್ದಾಳೆ. ಅಡಿಕೆ ಮಾರಿದ ಹಣದಲ್ಲಿ ತೋಟದ ಖರ್ಚು, ಕೂಲಿ, ಸಹಕಾರಿ ಸಂಘದ ಸಾಲದ ಕಂತು ಕಳೆದು ಉಳಿದುದರಲ್ಲಿ ಈ ವರ್ಷ ಒಂದೇ ಒಂದು ಖರೀದಿ ಸಾಧ್ಯ. “ಮಾಷ್ಟ್ರೇ, ಹಳೆಯದಾದರೆ ಕಮ್ಮಿಗೆ ಉಂಟು. ಹೊಸದಕ್ಕೆ ನಾಲ್ಕೈದು ಸಾವಿರ ಹೆಚ್ಚು. ನೋಡಲಿಕ್ಕೆ ಎರಡೂ ಒಂದೇ. ಮತ್ತೆ ಯಾಕೆ ಹೆಚ್ಚು ಕೊಡುವುದು?” ಎಂದರು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಉತ್ತರ ಹುಡುಕುವ ಮಾರ್ಗ ಮಾತ್ರ ಉಂಟು.

ಮೊದಲು ನಮ್ಮ ದೇಶದ ಒಂದು ಅನುಭವವನ್ನು ನೆನೆಯುವುದು ಉಚಿತ. 2011ರ ಅಕ್ಟೋಬರ್ 5ರಂದು ಕೇಂದ್ರ ಸರಕಾರವು ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟನ್ನು ಲೋಕಾರ್ಪಣೆ ಮಾಡಿತು. ಅದರ ಮಾರುಕಟ್ಟೆಯ ಅವತಾರಕ್ಕೆ ‘ಯುಬಿಸ್ಲೇಟ್’ ಎಂದು ಹೆಸರು. ಸ್ಲೇಟಿನ ನೆನಪು ಅದರಲ್ಲಿಯೂ ಇತ್ತು. ಏಳು ಅಂಗುಲದ ಪರದೆ, 256 ಮೆಗಾಬೈಟು ಮೆಮೊರಿ. ಆ ಪರದೆಯಲ್ಲಿ ಎರಡು ಪಾರದರ್ಶಕ ಪದರಗಳಿದ್ದು, ಬೆರಳಿನಿಂದ ಒತ್ತಿ ಒಂದನ್ನೊಂದಕ್ಕೆ ತಾಗಿಸಿದರೆ ಮಾತ್ರ ಅದಕ್ಕೆ ನಮ್ಮ ಇಂಗಿತ ತಿಳಿಯುತ್ತಿತ್ತು. ಯಂತ್ರ ನಿಧಾನ, ಪರದೆ ಮೊಂಡು ಎಂಬ ದೂರುಗಳೆದ್ದವು. ಮರುವರ್ಷ, 2012ರ ನವೆಂಬರ್ 11ರಂದು ಬಂದ ‘ಆಕಾಶ್ 2’ರಲ್ಲಿ ಮೆಮೊರಿ ಇಮ್ಮಡಿಯಾಯಿತು. ಒತ್ತುವ ಪರದೆಯ ಬದಲು, ಬೆರಳಿನ ವಿದ್ಯುದ್ಗುಣವನ್ನು ಗ್ರಹಿಸಿ ಮೆಲುಸ್ಪರ್ಶಕ್ಕೇ ಸ್ಪಂದಿಸುವ ಪರದೆ ಬಂದಿತು. ಒಂದೇ ವರ್ಷದಲ್ಲಿ ಮೊದಲನೆಯದು ಮುದಿಯಾಯಿತು. ಬೆಲೆ ಅಗ್ಗವಾದ ಮಾತ್ರಕ್ಕೆ ಒಂದು ವಸ್ತು ಮಿತವ್ಯಯದ್ದಾಗುವುದಿಲ್ಲ. ಕೆಲಸಕ್ಕೆ ಒದಗದಿದ್ದರೆ ಅಷ್ಟೂ ಹಣ ನಷ್ಟವೇ. ಇದು ಆ ಅನುಭವದ ಪಾಠ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಉದಾಹರಣೆಗೆ ಸ್ಯಾಮ್‌ಸಂಗ್ ಸಂಸ್ಥೆಯ ಎರಡು ಮಾದರಿಗಳನ್ನು ತೆಗೆದುಕೊಳ್ಳುತ್ತೇನೆ. ಒಂದು, 2021ರಲ್ಲಿ ಬಂದ ಗ್ಯಾಲಕ್ಸಿ ಟ್ಯಾಬ್ ಎ7 ಲೈಟ್. ಮತ್ತೊಂದು, 2023ರಲ್ಲಿ ಬಂದ ಟ್ಯಾಬ್ ಎ9. ಎರಡಕ್ಕೂ 8.7 ಅಂಗುಲದ ಪರದೆ. ಎರಡರ ಪರದೆಯಲ್ಲಿಯೂ ಉದ್ದಕ್ಕೆ 1340, ಅಡ್ಡಕ್ಕೆ 800 ಬಿಂದುಗಳು. ಎರಡಕ್ಕೂ 5,100 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ. ನೋಡಲಿಕ್ಕೆ ಒಂದೇ ಎಂಬ ನಮ್ಮ ನೆರೆಯವರ ಮಾತು ಸುಳ್ಳಲ್ಲ. ಅಕ್ಷರಗಳು ಹೊಸದರಲ್ಲಿ ಹೆಚ್ಚು ಸ್ಫುಟವಾಗಿ ಕಾಣಬಹುದೆಂದು ಹಣ ಕೊಟ್ಟವರಿಗೆ ನಿರಾಶೆಯೇ ಗತಿ.

ವ್ಯತ್ಯಾಸವಿರುವುದು ಒಳಗೆ. ಅಡಿಕೆ ಬೆಳೆಯುವ ನಾಡಿನವರಿಗೆ ಇದನ್ನು ತಿಳಿಸುವುದು ಸುಲಭ. ಟ್ಯಾಬ್ಲೆಟಿನಲ್ಲಿ ಎರಡು ಬಗೆಯ ಸ್ಥಳಗಳಿವೆ. ಒಂದು ಅಂಗಳದಂತೆ, ಮತ್ತೊಂದು ಅಟ್ಟದಂತೆ. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಕೆಲಸ ನಡೆಯುತ್ತದೆ. ಅಟ್ಟದಲ್ಲಿ ಸುಲಿದಿಟ್ಟ ಅಡಿಕೆ ಸುಮ್ಮನೆ ಕುಳಿತಿರುತ್ತದೆ. ‘ರ‍್ಯಾಮ್’ ಎಂಬುದು ಅಂಗಳ, ‘ಸ್ಟೋರೇಜ್’ ಎಂಬುದು ಅಟ್ಟ. ನಮ್ಮಲ್ಲಿ ಬಿಡುಗಡೆಯಾದಾಗ ಹಳೆಯ ಮಾದರಿಗೆ ಅಂಗಳ 3 ಗಿಗಾಬೈಟು, ಅಟ್ಟ 32. ಹೊಸದಕ್ಕೆ ಅಂಗಳ 4, ಅಟ್ಟ 64. ಅಟ್ಟ ಸಾಲದಿದ್ದರೆ ಮೆಮೊರಿ ಕಾರ್ಡು ಹಾಕಿ ಪಾಠದ ವಿಡಿಯೋ, ಪುಸ್ತಕಗಳನ್ನು ಅದರಲ್ಲಿಡಬಹುದು. ಎರಡರಲ್ಲಿಯೂ ಅದಕ್ಕೆ ಎಡೆಯಿದೆ. ಆದರೆ ಅಂಗಳವನ್ನು ಆಮೇಲೆ ವಿಸ್ತರಿಸುವಂತಿಲ್ಲ. ಕೊಂಡ ದಿನ ಎಷ್ಟಿದೆಯೋ ಕೊನೆಯವರೆಗೂ ಅಷ್ಟೇ.

ಮೂರನೆಯದು ಅಂಗಳದಲ್ಲಿ ದುಡಿಯುವ ಆಳುಗಳು, ಅಂದರೆ ಪ್ರೊಸೆಸರ್. ಎರಡು ಯಂತ್ರಗಳಲ್ಲಿಯೂ ಎಂಟೆಂಟು ಆಳುಗಳು. ಹಳೆಯದರಲ್ಲಿ ಎಂಟು ಮಂದಿಯೂ ಸಾಮಾನ್ಯ ಕಸುವಿನವರು. ಹೊಸದರಲ್ಲಿ ಆರು ಮಂದಿ ಸಾಮಾನ್ಯರಾದರೆ ಇಬ್ಬರು ಗಟ್ಟಿಗರು. ಭಾರದ ಕೆಲಸ ಬಂದಾಗ ಅವರು ಹೆಗಲು ಕೊಡುತ್ತಾರೆ. ಹಳೆಯ ಚಿಪ್ಪು 12 ನ್ಯಾನೋಮೀಟರ್ ತಂತ್ರದ್ದು, ಹೊಸದು 6 ನ್ಯಾನೋಮೀಟರ್ ತಂತ್ರದ್ದು. ಈ ಸಂಖ್ಯೆ ಕಿರಿದಾದಷ್ಟೂ ಅದೇ ಕೆಲಸಕ್ಕೆ ಬೇಕಾಗುವ ವಿದ್ಯುತ್ತು ಸಾಮಾನ್ಯವಾಗಿ ಕಡಮೆ. ಆಟಿ ತಿಂಗಳ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಇದೂ ಗಣನೆಗೆ ಬರಬೇಕಾದ ಮಾತೇ.

ಎಲ್ಲಕ್ಕಿಂತ ಮುಖ್ಯವಾದುದು ವಯಸ್ಸು. ಹಳೆಯ ಮಾದರಿ ಹುಟ್ಟುವಾಗ ಆಂಡ್ರಾಯ್ಡ್ 11 ಎಂಬ ತಂತ್ರಾಂಶವನ್ನೂ, ಹೊಸದು 13ನ್ನೂ ಹೊತ್ತು ಬಂದವು. ತಯಾರಕರು ಕೆಲವು ವರ್ಷ ಮಾತ್ರ ಈ ತಂತ್ರಾಂಶವನ್ನು ಪರಿಷ್ಕರಿಸುತ್ತಾರೆ. ಕಳ್ಳಗಿಂಡಿಗಳನ್ನು ಮುಚ್ಚುವ ಭದ್ರತಾ ಪರಿಷ್ಕರಣೆಯನ್ನೂ ಕಳುಹಿಸುತ್ತಾರೆ. ಆ ಅವಧಿಯ ಲೆಕ್ಕ ಆರಂಭವಾಗುವುದು ನಾವು ಕೊಂಡ ದಿನದಿಂದಲ್ಲ, ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ಪೆಟ್ಟಿಗೆ ಬಿಚ್ಚದೆ ಅಂಗಡಿಯಲ್ಲಿದ್ದರೂ ಯಂತ್ರಕ್ಕೆ ಪ್ರಾಯ ಏರುತ್ತಲೇ ಇರುತ್ತದೆ. ಒಳಗಿನ ಬ್ಯಾಟರಿಯೂ ಸೊರಗುತ್ತಿರುತ್ತದೆ. ಪರಿಷ್ಕರಣೆ ನಿಂತ ಯಂತ್ರ ಮರುದಿನವೇ ಕೆಡುವುದಿಲ್ಲ. ಆದರೆ ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಕ್ಷೇಮವಲ್ಲ. ಕಾಲಕ್ರಮದಲ್ಲಿ ಒಂದೊಂದೇ ಆ್ಯಪು ಅದಕ್ಕೆ ಬಾಗಿಲು ಮುಚ್ಚುತ್ತದೆ. ಆಂಡ್ರಾಯ್ಡ್ 4.4ನ್ನು ನೆಚ್ಚಿದ್ದ ಸಾಧನಗಳಿಗೆ 2025ರ ಆರಂಭದಲ್ಲಿ ವಾಟ್ಸಾಪ್ ನಿಂತುಹೋದುದು ಇದಕ್ಕೆ ನಿದರ್ಶನ.

ಇನ್ನು ಲೆಕ್ಕಾಚಾರ. ಹಳೆಯದು 8,000 ರೂಪಾಯಿಗೆ, ಹೊಸದು 13,000 ರೂಪಾಯಿಗೆ ದೊರೆಯುತ್ತದೆಂದು ಇಟ್ಟುಕೊಳ್ಳೋಣ. ಹಳೆಯದು ಎರಡು ವರ್ಷ ಬಾಳಿದರೆ ವರ್ಷಕ್ಕೆ 4,000 ರೂಪಾಯಿ ಬಿತ್ತು. ಹೊಸದು ನಾಲ್ಕು ವರ್ಷ ಬಾಳಿದರೆ 3,250 ರೂಪಾಯಿ. ಕೈಯಿಂದ ಒಮ್ಮೆಗೆ ಹೋಗುವ ಹಣ ಹೆಚ್ಚಾದರೂ ವರ್ಷದ ವೆಚ್ಚ ಕಡಮೆ. ಆದರೆ ಇದೇ ಲೆಕ್ಕ ಇನ್ನೊಂದು ಕಡೆಗೂ ವಾಲಬಲ್ಲುದು. ಹಳೆಯದು 5,000ಕ್ಕೆ ದೊರೆತರೆ ವರ್ಷಕ್ಕೆ 2,500 ಮಾತ್ರ. ಆಗ ಗೆಲುವು ಅದರದೇ. ಆದುದರಿಂದ ಬೆಲೆಯನ್ನು ಬೆಲೆಯೊಡನೆ ಹೋಲಿಸಬಾರದು. ಬೆಲೆಯನ್ನು ಉಳಿದಿರುವ ಆಯುಷ್ಯದಿಂದ ಭಾಗಿಸಿ ಹೋಲಿಸಬೇಕು.

ಇಷ್ಟಾದರೂ ನಮ್ಮ ಸೀಮೆಯಲ್ಲಿ ಮಾದರಿಗಿಂತ ಮಿಗಿಲಾದ ಸಂಗತಿಯೊಂದಿದೆ. ಅದು ನೆಟ್‌ವರ್ಕು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ತಂದೆಯೊಬ್ಬರು ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ಕಂಡಿತು. ಮನೆಯಲ್ಲಿ ಸಿಗ್ನಲ್ ಇಲ್ಲದವನಿಗೆ ಗಟ್ಟಿಗರಾದ ಆಳುಗಳಿದ್ದೇನು ಫಲ? ಟ್ಯಾಬ್ಲೆಟಿನಲ್ಲಿ ವೈಫೈ ಮಾತ್ರ ಇರುವುದು, ಸಿಮ್ ಹಾಕಲು ಬರುವುದು ಎಂದು ಎರಡು ಬಗೆ. ಮನೆಗೆ ಫೈಬರ್ ಸಂಪರ್ಕ ಬಂದಿದ್ದರೆ, ಇಲ್ಲವೇ ಮನೆಯವರೊಬ್ಬರ ಫೋನಿನಿಂದ ಹಾಟ್‌ಸ್ಪಾಟ್ ದೊರೆಯುವಂತಿದ್ದರೆ ಮೊದಲನೆಯದು ಸಾಕು. ಉಳಿದ ಹಣವನ್ನು ಹೊಸ ಮಾದರಿಗೆ ಹಾಕಬಹುದು. ಮಗಳು ಗುಡ್ಡ ಹತ್ತಿ ಪಾಠ ಕೇಳಬೇಕಾದಲ್ಲಿ ಸಿಮ್ ಇರುವುದೇ ಬೇಕು. ನಾನು ಹೇಳಿದ ಎರಡು ಮಾದರಿಗಳಲ್ಲಿಯೂ 5ಜಿ ಇಲ್ಲ; ಸಿಮ್ ಇರುವ ಬಗೆಯೂ 4ಜಿಯೇ. ಗುಡ್ಡಗಾಡಿನಲ್ಲಿ 700 ಮೆಗಾಹರ್ಟ್ಸಿನ ತರಂಗ ದೂರಕ್ಕೆ ಹಬ್ಬುತ್ತದೆ. ಬಿ.ಎಸ್.ಎನ್.ಎಲ್. ತನ್ನ 4ಜಿ ಸೇವೆಗೆ ಅದನ್ನು ಬಳಸಿಕೊಂಡಿದೆ. ಕೊಳ್ಳುವ ಸಾಧನ ಆ ತರಂಗವನ್ನು ಹಿಡಿಯಬಲ್ಲುದೇ ಎಂದು ವಿಚಾರಿಸಿಕೊಳ್ಳಿ.

ಹಾಗಾದರೆ ಹಳೆಯದು ಯಾರಿಗೂ ಬೇಡವೇ? ಹಾಗಲ್ಲ. ಯಕ್ಷಗಾನದ ವಿಡಿಯೋ ನೋಡುವ ಅಜ್ಜನಿಗೆ, ದೂರದ ಊರಿನ ಮೊಮ್ಮಗುವಿನ ಮುಖ ನೋಡಿ ಮಾತಾಡುವ ಅಜ್ಜಿಗೆ, ಇಳಿಸಿಕೊಂಡ ಪುಸ್ತಕಗಳನ್ನು ಓದುವವರಿಗೆ ಅದು ಧಾರಾಳವಾಗಿ ಸಾಕು. ಓದುವುದೇ ಮುಖ್ಯ ಉದ್ದೇಶವಾದರಂತೂ ಹೊಸತನಕ್ಕಿಂತ ಪರದೆಯ ಅಗಲಕ್ಕೆ ಹಣ ಕೊಡುವುದು ಜಾಣತನ. ಪಠ್ಯಪುಸ್ತಕದ ಪುಟ 8.7 ಅಂಗುಲದಲ್ಲಿ ಇಕ್ಕಟ್ಟಾಗುತ್ತದೆ, 11 ಅಂಗುಲದಲ್ಲಿ ಕಣ್ಣಿಗೆ ಹಿತ.

ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಸಿದ್ಧಪಡಿಸಿದರು. ಆ ಸಂಪುಟಗಳನ್ನು ತೆರೆಯಲು ಇಂದಿಗೂ ಯಾವ ಪರಿಷ್ಕರಣೆಯೂ ಬೇಕಿಲ್ಲ. ಟ್ಯಾಬ್ಲೆಟಿಗೆ ಆ ಭಾಗ್ಯವಿಲ್ಲ. ಅದು ಹಸುವಿನ ಹಾಗೆ. ಕೊಳ್ಳುವಾಗ ಹಾಲಿನ ಅಳತೆಯೊಂದನ್ನೇ ಕೇಳಿದರೆ ಸಾಲದು, ಎಷ್ಟನೆಯ ಕರುವೆಂದೂ ಕೇಳಬೇಕು.

ನಮ್ಮ ನೆರೆಯವರಿಗೆ ನಾನು ಕೊಟ್ಟ ಸಲಹೆ ಇಷ್ಟು: ಮಗಳಿಗೆ ಪಿ.ಯು.ಸಿ. ಎರಡು ವರ್ಷ, ಮುಂದಿನ ಓದು ಮೂರು ವರ್ಷವಾದರೂ ಇದೆ. ಅರ್ಧ ದಾರಿಯಲ್ಲಿ ಕೈಬಿಡದ ಸಾಧನ ಬೇಕು, ಆದುದರಿಂದ ಹೊಸದು. ಮನೆಗೆ ಫೈಬರ್ ಬಂದಿರುವುದರಿಂದ ವೈಫೈ ಮಾತ್ರದ್ದು ಸಾಕು. ಹಣ ಕೊಡುವ ಮೊದಲು ಅಂಗಡಿಯಲ್ಲಿಯೇ ‘ಸೆಟ್ಟಿಂಗ್ಸ್’ ತೆರೆದು ಕೊನೆಯ ಭದ್ರತಾ ಪರಿಷ್ಕರಣೆಯ ತಾರೀಕನ್ನು ನೋಡಿ, ಇನ್ನೆಷ್ಟು ವರ್ಷ ಅದು ಬರುವುದೆಂದು ಕೇಳಿ. ತೃಪ್ತಿಕರವಾದ ಉತ್ತರ ದೊರೆಯದಿದ್ದರೆ, ಅದಕ್ಕಿಂತಲೂ ಈಚೆಗೆ ಬಂದ ಮಾದರಿಯನ್ನು ತೋರಿಸಲು ಹೇಳಿ.