ಐವರನ್ನು ಕಟ್ಟುವ ಮೇಷ್ಟ್ರು

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಆಟಗಾರನೊಬ್ಬನಿಗೆ ಸಿಗುವ ದೊಡ್ಡ ಗೌರವ ಹೈಸ್ಮನ್ ಟ್ರೋಫಿ. 1935ರಿಂದ ಕೊಡುತ್ತ ಬಂದಿರುವ ಈ ಪ್ರಶಸ್ತಿ ಇವತ್ತಿನವರೆಗೂ ಒಬ್ಬ ಸೆಂಟರ್‌ಗಾಗಲಿ, ಗಾರ್ಡ್‌ಗಾಗಲಿ, ಟ್ಯಾಕಲ್‌ಗಾಗಲಿ ಸಿಕ್ಕಿಲ್ಲ. 1973ರಲ್ಲಿ ಒಹಾಯೊ ಸ್ಟೇಟ್ ತಂಡದ ಟ್ಯಾಕಲ್ ಜಾನ್ ಹಿಕ್ಸ್ ಎರಡನೇ ಸ್ಥಾನದವರೆಗೆ ಬಂದಿದ್ದರು, ಅಷ್ಟೆ.

ಈ ಆಟದಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಮುಂದಕ್ಕೆ ಎಸೆಯುತ್ತಾರೆ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಆಗದಿದ್ದರೆ ಚೆಂಡು ಎದುರಾಳಿಗೆ. ಚೆಂಡು ಇರುವ ತಂಡದ ಮುಂಚೂಣಿಯಲ್ಲಿ ಬಗ್ಗಿ ನಿಲ್ಲುವ ಐವರು ದೈತ್ಯರೇ ಅಫೆನ್ಸಿವ್ ಲೈನ್: ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್‌ಗಳು, ಎರಡೂ ತುದಿಗಳಲ್ಲಿ ಟ್ಯಾಕಲ್‌ಗಳು. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯಲು ನಿಯಮ ಇವರಿಗೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವುದು, ಓಡುವವನಿಗೆ ದಾರಿ ಬಿಡಿಸಿಕೊಡುವುದು ಇವರ ಕೆಲಸ. ಅದು ಸರಿಯಾಗಿ ನಡೆದರೆ ಹೆಸರು ಓಡಿದವನಿಗೆ. ತಪ್ಪಿದರೆ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದದ್ದನ್ನು ಇಡೀ ಕ್ರೀಡಾಂಗಣ ನೋಡುತ್ತದೆ.

ಈ ಐವರನ್ನು ತಯಾರು ಮಾಡಲೆಂದೇ ಪ್ರತಿ ಕಾಲೇಜು ತಂಡದಲ್ಲಿ ಒಬ್ಬ ಕೋಚ್ ಇರುತ್ತಾರೆ. ಇಡೀ ಆಟದಲ್ಲಿ ಶುದ್ಧ ಮೇಷ್ಟರಿಕೆ ಎಂದು ಕರೆಯಬಹುದಾದ ಹುದ್ದೆ ಯಾವುದಾದರೂ ಇದ್ದರೆ ಅದು ಇದೇ. ವೇಗವಾಗಿ ಓಡುವ ಹುಡುಗ ಅರ್ಧ ಪಾಲು ಹುಟ್ಟಿನಿಂದಲೇ ಹಾಗಿರುತ್ತಾನೆ. ಲೈನ್‌ಮನ್ ಹಾಗಲ್ಲ, ಅವನನ್ನು ಕಲಿಸಿಯೇ ತಯಾರು ಮಾಡಬೇಕು.

ಕಲಿಕೆ ಪಾದದಿಂದ ಶುರು. ಮೊದಲ ಹೆಜ್ಜೆ ಕೆಲವೇ ಅಂಗುಲ. ಅದು ಉದ್ದವಾದರೆ ದೇಹದ ತೂಕ ತಪ್ಪುತ್ತದೆ, ಎದುರಾಳಿ ಒಂದೇ ನೂಕಿಗೆ ಬೀಳಿಸುತ್ತಾನೆ. ಮೈದಾನದ ಮೂಲೆಯಲ್ಲಿ ಕಂಬಗಳ ಮೇಲೆ ತಗ್ಗು ಮಾಡು ಹೊದಿಸಿದ ಕಬ್ಬಿಣದ ಚೌಕಟ್ಟೊಂದು ಇರುತ್ತದೆ. ನೂರ ಮೂವತ್ತು ಕಿಲೋ ಮೀರಿದ ಹುಡುಗರು ಅದರೊಳಗಿನಿಂದ ಬಗ್ಗಿಕೊಂಡೇ ಮುನ್ನುಗ್ಗಿ ಹೊರಬರಬೇಕು. ಬೇಗ ನೆಟ್ಟಗಾದವನ ತಲೆ ಕಬ್ಬಿಣಕ್ಕೆ ತಗಲುತ್ತದೆ. ಮೈ ತಗ್ಗಿಸಿದವನಿಗೇ ಗೆಲುವು ಎಂಬುದನ್ನು ಬೈದು ಹೇಳುವ ಅಗತ್ಯವೇ ಬೀಳುವುದಿಲ್ಲ. ಆಮೇಲೆ ಕೈ. ಅಂಗೈಗಳು ಎದುರಾಳಿಯ ಎದೆಯ ಮೇಲೆ, ಅವನ ತೋಳುಗಳ ಒಳಗಡೆ ಕೂರಬೇಕು. ಹೊರಗಡೆಯಿಂದ ಬಟ್ಟೆ ಹಿಡಿದೆಳೆದರೆ ರೆಫರಿಯ ಹಳದಿ ಬಾವುಟ ಬೀಳುತ್ತದೆ, ತಂಡ ಹತ್ತು ಗಜ ಹಿಂದೆ ಸರಿಯುತ್ತದೆ.

ಇವೆಲ್ಲಕ್ಕಿಂತ ಕಷ್ಟದ್ದು ಜೊತೆಗೂಡಿ ಆಡುವುದು. ಗಾರ್ಡ್ ಮತ್ತು ಟ್ಯಾಕಲ್ ಇಬ್ಬರೂ ಸೇರಿ ಒಬ್ಬ ಎದುರಾಳಿಯನ್ನು ಹಿಂದಕ್ಕೆ ತಳ್ಳುತ್ತಾರೆ ಎನ್ನಿ. ಅವನ ಹಿಂದೆ ಎದುರು ತಂಡದ ಎರಡನೇ ಸಾಲಿನ ರಕ್ಷಕ, ಲೈನ್‌ಬ್ಯಾಕರ್, ಕಾದಿರುತ್ತಾನೆ. ಇಬ್ಬರಲ್ಲಿ ಒಬ್ಬ ಬಿಡಿಸಿಕೊಂಡು ಆ ಲೈನ್‌ಬ್ಯಾಕರ್‌ನ ಮೇಲೆ ಹೋಗಬೇಕು. ಯಾರು ಹೋಗಬೇಕು, ಯಾವಾಗ ಹೋಗಬೇಕು? ಅದು ಲೈನ್‌ಬ್ಯಾಕರ್ ಯಾವ ಕಡೆಗೆ ಕಾಲಿಡುತ್ತಾನೆ ಎಂಬುದರ ಮೇಲೆ, ಅರೆಕ್ಷಣದಲ್ಲಿ, ಮಾತಿಲ್ಲದೆ ತೀರ್ಮಾನವಾಗಬೇಕು. ಕಬಡ್ಡಿಯಲ್ಲಿ ಕೈ ಕೈ ಹಿಡಿದ ಸರಪಳಿಯಲ್ಲಿ ಒಬ್ಬ ಮೊದಲು ನುಗ್ಗಿದರೂ ರೈಡರ್ ಪಾರಾಗುವಂತೆ, ಇಲ್ಲೂ ಒಬ್ಬನ ಆತುರಕ್ಕೆ ಐವರ ಶ್ರಮವೂ ವ್ಯರ್ಥ. ಆದ್ದರಿಂದಲೇ ಈ ಕೋಚ್‌ಗಳು ಮೈದಾನದಲ್ಲಿ ಕಳೆದಷ್ಟೇ ಹೊತ್ತನ್ನು ಹುಡುಗರನ್ನು ಕೂರಿಸಿಕೊಂಡು ಪಂದ್ಯದ ವಿಡಿಯೊ ನೋಡುವುದರಲ್ಲೂ ಕಳೆಯುತ್ತಾರೆ. ಒಂದೇ ಹೆಜ್ಜೆಯನ್ನು ಹಿಂದೆ ಮುಂದೆ ಓಡಿಸಿ ತೋರಿಸುತ್ತಾರೆ.

ಈ ವಿದ್ಯೆಯ ಗುರುಪರಂಪರೆಯಲ್ಲಿ ಮೊದಲು ಕೇಳಿಬರುವ ಹೆಸರುಗಳಲ್ಲಿ ಜೋ ಮೂರ್ ಅವರದೊಂದು. ಪೆನ್ಸಿಲ್ವೇನಿಯಾದ ಅಪ್ಪರ್ ಸೇಂಟ್ ಕ್ಲೇರ್ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದ ಅವರು 1977ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಅವರ ಕೈಕೆಳಗೆ ಬೆಳೆದವರನ್ನು ನೋಡಿ: ಮಾರ್ಕ್ ಮೇ 1980ರಲ್ಲಿ ಲೈನ್‌ಮನ್‌ಗಳಿಗೆ ಮೀಸಲಾದ ಔಟ್‌ಲ್ಯಾಂಡ್ ಟ್ರೋಫಿ ಗೆದ್ದರು, ರಸ್ ಗ್ರಿಮ್ ಮತ್ತು ಜಿಂಬೊ ಕೋವರ್ಟ್ ಮುಂದೆ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದರು. ಗ್ರಿಮ್ ಕಾಲೇಜಿಗೆ ಬಂದದ್ದು ಲೈನ್‌ಬ್ಯಾಕರ್ ಆಗಿ. ಡ್ಯಾನ್ ಮರಿನೊ ಎಂಬ ಕ್ವಾರ್ಟರ್‌ಬ್ಯಾಕ್‌ನ ಹೆಸರು ಕೇಳಿದವರು ಬಹಳ ಮಂದಿ. ಕಾಲೇಜಿನಲ್ಲಿ ಅವರು ಚೆಂಡೆಸೆಯುತ್ತಿದ್ದದ್ದು ಮೂರ್ ತಯಾರು ಮಾಡಿದ ಲೈನಿನ ಹಿಂದೆ ನಿಂತು.

1988ರಲ್ಲಿ ಮೂರ್ ನಾಟ್ರ ಡೇಮ್ ವಿಶ್ವವಿದ್ಯಾಲಯ ಸೇರಿದರು. ಆ ವರ್ಷವೇ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. 1996ರ ಕೊನೆಗೆ ಮುಖ್ಯ ಕೋಚ್ ಬದಲಾದರು, ಹೊಸಬರು ಮೂರ್ ಅವರನ್ನು ಉಳಿಸಿಕೊಳ್ಳಲಿಲ್ಲ. ಆಗ ಅವರಿಗೆ 64 ವರ್ಷ. ವಯಸ್ಸಿನ ಕಾರಣಕ್ಕೆ ತೆಗೆದುಹಾಕಿದರೆಂದು ಅವರು ಕೋರ್ಟಿಗೆ ಹೋದರು. 1998ರಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತು. ಈ ವೃತ್ತಿಯ ಅಸ್ಥಿರತೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಮುಖ್ಯ ಕೋಚ್ ಹೋದರೆ ಸಹಾಯಕರೂ ಗಂಟುಮೂಟೆ ಕಟ್ಟುವುದೇ ರೂಢಿ. ಲೈನ್ ಎಷ್ಟೇ ಚೆನ್ನಾಗಿ ಆಡಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಮೂರ್ ಅವರ ಹೈಸ್ಕೂಲಿನ ಶಿಷ್ಯರಲ್ಲಿ ಕರ್ಕ್ ಫೆರೆಂಟ್ಸ್ ಒಬ್ಬರು. ಅವರ ದಾರಿ ನೋಡಿದರೆ ಈ ವೃತ್ತಿಯ ಏಣಿಯ ಮೆಟ್ಟಿಲುಗಳೆಲ್ಲ ಕಾಣುತ್ತವೆ. ಕಾಲೇಜಿನಲ್ಲಿ ಅವರು ಆಡಿದ್ದು ಲೈನ್‌ಬ್ಯಾಕರ್ ಆಗಿ. ಆಮೇಲೆ ಶಾಲೆಯೊಂದರಲ್ಲಿ ಕೋಚಿಂಗ್ ಜೊತೆಗೆ ಇಂಗ್ಲಿಷ್ ಪಾಠವನ್ನೂ ಮಾಡಿದರು. 1980ರಲ್ಲಿ ಪಿಟ್ಸ್‌ಬರ್ಗ್‌ಗೆ ಹೋಗಿ ಗುರುವಿನ ಪಕ್ಕದಲ್ಲೇ ಗ್ರಾಜುಯೇಟ್ ಅಸಿಸ್ಟೆಂಟ್ ಆದರು; ಅಂದರೆ ಕೈತುಂಬ ಕೆಲಸ, ಕೈಗೆ ಬರುವ ಸಂಬಳ ಅಲ್ಪ. ಮರುವರ್ಷ ಅಯೋವಾ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಹೇಡನ್ ಫ್ರೈ ಇಪ್ಪತ್ತೈದರ ಈ ಯುವಕನ ಕೈಗೆ ಲೈನ್ ಒಪ್ಪಿಸಿದರು. ಎರಡು ದಶಕಗಳ ಸೋಲಿನಲ್ಲಿ ಬಸವಳಿದಿದ್ದ ಅಯೋವಾ ಅದೇ ಸೀಸನ್‌ನಲ್ಲಿ ರೋಸ್ ಬೌಲ್ ಎಂಬ ಪ್ರತಿಷ್ಠಿತ ಪಂದ್ಯಕ್ಕೆ ಅರ್ಹತೆ ಪಡೆಯಿತು. ಮುಂದೆ ಮೇನ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಹುದ್ದೆ, ವೃತ್ತಿಪರ ತಂಡಗಳಲ್ಲಿ ಆರು ವರ್ಷ, ಕೊನೆಗೆ 1999ರಲ್ಲಿ ಮತ್ತೆ ಅಯೋವಾಕ್ಕೆ, ಈ ಸಲ ಮುಖ್ಯ ಕೋಚ್ ಆಗಿ. ಮೊದಲ ವರ್ಷ ಒಂದು ಗೆಲುವು, ಹತ್ತು ಸೋಲು.

ವಿಶ್ವವಿದ್ಯಾಲಯ ತಾಳ್ಮೆ ಕಳೆದುಕೊಳ್ಳಲಿಲ್ಲ. ಇಂಥ ಕೆಲಸಕ್ಕೆ ಬೇಕಾದದ್ದೂ ಅದೇ, ಏಕೆಂದರೆ ಹದಿನೆಂಟರ ಹುಡುಗ ಲೈನ್‌ಮನ್ ಆಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಅಯೋವಾದ ಹಳ್ಳಿಗಾಡಿನಿಂದ ಬಂದ ರಾಬರ್ಟ್ ಗ್ಯಾಲರಿ ಚೆಂಡು ಹಿಡಿಯಲೂ ಅವಕಾಶವಿರುವ ಟೈಟ್ ಎಂಡ್ ಆಗಿ ಸೇರಿ, ಟ್ಯಾಕಲ್ ಆಗಿ ಪಳಗಿ, 2003ರಲ್ಲಿ ಔಟ್‌ಲ್ಯಾಂಡ್ ಗೆದ್ದರು. 2014ರಲ್ಲಿ ಬ್ರಾಂಡನ್ ಶೆರ್ಫ್ ಅದನ್ನೇ ಗೆದ್ದರು. ಟೈಲರ್ ಲಿಂಡರ್‌ಬಾಮ್ ಬಂದದ್ದು ಡಿಫೆನ್ಸ್‌ನಲ್ಲಿ ಆಡಲು. ಕೋಚ್‌ಗಳು ಸೆಂಟರ್ ಸ್ಥಾನಕ್ಕೆ ಬದಲಾಯಿಸಿದರು, 2021ರಲ್ಲಿ ಅವರು ದೇಶದ ಶ್ರೇಷ್ಠ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಪಡೆದರು. ಹುಡುಗನ ಮೈಕಟ್ಟು, ಪಾದ, ಸ್ವಭಾವ ನೋಡಿ ಅವನ ಜಾಗ ಬೇರೆಯೇ ಎಂದು ಗುರುತಿಸುವ ಕಣ್ಣು ಗುರುವಿನಿಂದ ಶಿಷ್ಯನಿಗೆ ಬಂದದ್ದೆಂದೇ ನನ್ನ ನಂಬಿಕೆ.

ಮೂರ್ 2003ರಲ್ಲಿ ತೀರಿಕೊಂಡರು. 2015ರಿಂದ ಅವರ ಹೆಸರಿನಲ್ಲಿ ದೇಶದ ಅತ್ಯುತ್ತಮ ಅಫೆನ್ಸಿವ್ ಲೈನ್‌ಗೆ ಪ್ರಶಸ್ತಿ ಕೊಡುತ್ತಿದ್ದಾರೆ. ನಾಟ್ರ ಡೇಮ್‌ನಲ್ಲಿ ಅವರ ಕೈಯಲ್ಲಿ ಪಳಗಿದ ಏರನ್ ಟೇಲರ್ ಅದರ ಸ್ಥಾಪಕರಲ್ಲೊಬ್ಬರು. ಒಬ್ಬ ಆಟಗಾರನಿಗಲ್ಲ, ಇಡೀ ಲೈನಿಗೇ ಸಲ್ಲುವುದು ಅದರ ವಿಶೇಷ. 2016ರಲ್ಲಿ ಅದು ಫೆರೆಂಟ್ಸ್ ಅವರ ಅಯೋವಾಕ್ಕೆ ಬಂತು.

2025ರ ಸೆಪ್ಟೆಂಬರ್‌ನಲ್ಲಿ ಫೆರೆಂಟ್ಸ್ ಅಯೋವಾದಲ್ಲಿ 206ನೇ ಗೆಲುವು ಕಂಡು, ಒಹಾಯೊ ಸ್ಟೇಟ್‌ನ ವುಡಿ ಹೇಯ್ಸ್ ಹೆಸರಿನಲ್ಲಿದ್ದ ಬಿಗ್ ಟೆನ್ ಎಂಬ ಕಾಲೇಜು ತಂಡಗಳ ಕೂಟದ ಅತಿ ಹೆಚ್ಚು ಗೆಲುವುಗಳ ದಾಖಲೆಯನ್ನು ದಾಟಿದರು. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದಾಗ, ಶರತ್ಕಾಲದ ಶನಿವಾರ ಟೀವಿಯಲ್ಲಿ ಈ ಆಟ ಕಂಡರೆ ಚಾನೆಲ್ ಬದಲಾಯಿಸಬೇಡಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ನೀವು ಮೊದಲ ಎರಡು ಸೆಕೆಂಡ್ ಆ ಐವರ ಪಾದಗಳನ್ನೇ ನೋಡಿ.