ದುರ್ಬೀನನ್ನು ಆರಿಸುವ ಬಗೆ

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ಹಂಗಳವೆಂಬ ಊರಿರುವುದು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಯಾತ್ರಿಕರು ಇಲ್ಲಿಯೇ ಹೆದ್ದಾರಿಯನ್ನು ಬಿಟ್ಟು ತಿರುಗುವರು. ಸುತ್ತಣ ಹೊಲಗಳಲ್ಲಿ ಸೂರ್ಯಕಾಂತಿಯೂ ಚೆಂಡುಹೂವೂ ಅರಳಿದಾಗ ದಾರಿಹೋಕರ ಕಣ್ಣಿಗೆ ಹಬ್ಬವಾಗುವುದು. ಆದರೆ ಆ ಹೊಲಗಳ ಆಚೆಗೆ ಬಂಡೀಪುರದ ಕಾಡಿದೆ. ಆನೆಯಾಗಲಿ ಹಂದಿಯಾಗಲಿ ನಮ್ಮ ಬೇಲಿಯನ್ನು ಗಡಿಯೆಂದು ತಿಳಿಯುವುದಿಲ್ಲ.

ಆ ಕಡೆ ಬೇಸಾಯ ಮಾಡಿಕೊಂಡಿರುವ ನನ್ನ ಸೋದರಳಿಯನು ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ, "ಮಾವ, ತಾತನ ಕಾಲದ ಕೋವಿ ಮನೆಯಲ್ಲಿದೆ, ಅದಕ್ಕೆ ಪರವಾನಗಿಯೂ ಇದೆ. ಒಂದು ದೂರದರ್ಶಕವನ್ನು ಕೂಡಿಸಿದರೆ ದೂರದ ಹಂದಿಯನ್ನೂ ಹೊಡೆಯಬಹುದಲ್ಲವೆ? ಯಾವುದನ್ನು ಕೊಳ್ಳಲಿ?" ಎಂದು ಕೇಳಿದನು.

ನಾನು ಎರಡು ಮಾತು ಹೇಳಿದೆನು. ಮೊದಲನೆಯದು, ಅದು ನುಣುಪು ನಳಿಗೆಯ ಕೋವಿ. ಅದರ ಚರೆಗಳು ನಲವತ್ತು ಐವತ್ತು ಗಜ ದಾಟುವಷ್ಟರಲ್ಲಿ ಚೆದರಿ ಬಲಗುಂದುವುವು. ನಳಿಗೆಯೊಳಗೆ ಸುರುಳಿಗೀರುಗಳುಳ್ಳ ರೈಫಲ್ಲಿಗೆ ದೂರದರ್ಶಕವು ಸಲ್ಲುವುದೇ ಹೊರತು ಇದಕ್ಕಲ್ಲ. ಎರಡನೆಯದು, ಬೇಟೆಯ ಕಾಲವೇ ಮುಗಿದುಹೋಗಿದೆ. ಮೈಸೂರು ಅರಸರ ಆಳ್ವಿಕೆಯಲ್ಲಿಯೇ, 1931ರಲ್ಲಿ, ಬಂಡೀಪುರದಲ್ಲಿ ಅಭಯಾರಣ್ಯವಾಯಿತು. 1941ರಲ್ಲಿ ಅದು ಹಿಗ್ಗಿ, ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಬೆಳೆಯನ್ನು ತಿಂದಿತೆಂದು ರೈತನು ತಾನಾಗಿಯೇ ಗುಂಡು ಹಾರಿಸುವಂತಿಲ್ಲ.

ಹುಡುಗನು ತಲೆ ತಗ್ಗಿಸಿದನು. ಬಳಿಕ ಮೆಲ್ಲನೆ, "ಮಾವ, ಹೋದ ತಿಂಗಳು ನಸುಕಿನಲ್ಲಿ ಬೇಲಿಯ ಬಳಿ ಕಪ್ಪಗೆ ಏನೋ ನಿಂತಿತ್ತು. ಪಕ್ಕದವರ ಎಮ್ಮೆಯೆಂದು ಕೋಲು ಹಿಡಿದು ನಡೆದೆ. ಮೂವತ್ತು ಹೆಜ್ಜೆ ಉಳಿದಿರುವಾಗ ಮೊರದಂತಹ ಕಿವಿ ಅಲುಗಿತು. ಅಂದು ಬದುಕಿದ್ದು ಮನೆದೇವರ ದಯೆ" ಎಂದನು. ಮಗುವಿನ ತಂದೆಯಾದ ಅವನ ಬಾಯಿಂದ ಈ ಮಾತು ಕೇಳಿ ನನ್ನ ಎದೆ ನಡುಗಿತು. ಬೇಕಾದ ಕಣ್ಣು ಅವನ ಕೋವಿಗಲ್ಲ, ಅವನಿಗೇ ಎಂದು ಆಗ ತಿಳಿಯಿತು. ದುರ್ಬೀನೆಂಬ ಪಾರಸಿ ಮಾತಿಗೆ ದೂರವನ್ನು ನೋಡುವುದೆಂದೇ ಅರ್ಥ.

ಇದನ್ನು ಕೊಳ್ಳುವವರು ಮೊದಲು ಅದರ ಮೇಲಿನ ಎರಡು ಅಂಕೆಗಳನ್ನು ತಿಳಿಯಬೇಕು. 8×42 ಎಂದಿದ್ದರೆ, 8 ಎಂಬುದು ಹಿಗ್ಗಿಸುವ ಶಕ್ತಿ: 800 ಮೀಟರ್ ದೂರದ ಪ್ರಾಣಿಯು 100 ಮೀಟರಿನಲ್ಲಿರುವಂತೆ ಕಾಣುವುದು. 42 ಎಂಬುದು ಮುಂದಣ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ರೈಫಲ್ಲಿನ ದೂರದರ್ಶಕದ ಅಂಕೆಗಳಿಗೂ ಇದೇ ಅರ್ಥ.

ಇನ್ನು ಎರಡನೆಯ ಅಂಕೆಯನ್ನು ಮೊದಲನೆಯದರಿಂದ ಭಾಗಿಸಿ ನೋಡಿರಿ. 8×42ರಲ್ಲಿ ಐದಕ್ಕೆ ತುಸು ಮೇಲೆ ಬರುವುದು. ಜೇಬಿಗೆ ಹಿಡಿಸುವ 10×25ರಲ್ಲಿ ಎರಡೂವರೆ ಮಾತ್ರ. ಕಣ್ಣಿಗೆ ಬಂದು ತಲಪುವ ಬೆಳಕಿನ ಎಳೆಯ ದಪ್ಪವಿದು. ನಡುಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆಯು ಕಿರಿದಾಗಿ ಎರಡು ಮೂರು ಮಿಲಿಮೀಟರಿನಷ್ಟಿರುವುದು. ಕತ್ತಲಾದಂತೆ ಅರಳಿ, ಹರೆಯದವರಲ್ಲಿ ಏಳರವರೆಗೂ ಹಿಗ್ಗುವುದು. ಆದುದರಿಂದ ಹಗಲಿನಲ್ಲಿ ಎರಡೂ ಸಮನಾಗಿ ತೋರಿದರೂ ಮುಸ್ಸಂಜೆಯಲ್ಲಿ ಚಿಕ್ಕದು ಮಂಕಾಗುವುದು. ಕಾಡುಮೃಗಗಳು ಹೊರಡುವ ಹೊತ್ತೇ ಮುಸ್ಸಂಜೆಯಲ್ಲವೆ?

ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬ ಭ್ರಮೆ ಅನೇಕರಿಗುಂಟು. ಚಿತ್ರವು ಹಿಗ್ಗಿದಂತೆ ಕೈಯ ನಡುಕವೂ ಹಿಗ್ಗುವುದು, ಕಾಣುವ ಬಯಲು ಕಿರಿದಾಗುವುದು. ಹತ್ತಕ್ಕೆ ಮೀರಿದರೆ ಮುಕ್ಕಾಲಿಯ ಆಸರೆ ಬೇಕು. ಅಟ್ಟಣೆಯ ಮೇಲೆ ಕುಳಿತು ಕೈಯಲ್ಲಿ ಹಿಡಿಯುವವರಿಗೆ ಎಂಟೇ ಸಾಕು.

ಅಂಗಡಿಯಲ್ಲಿ ಹಣ ಕೊಡುವ ಮುನ್ನ ಬಾಗಿಲಿಗೆ ಬಂದು ದೂರದ ವಿದ್ಯುತ್ ಕಂಬವೊಂದನ್ನು ನೋಡಿರಿ. ಕಂಬವು ಎರಡಾಗಿ ಕಂಡರೆ, ಇಲ್ಲವೆ ಕೆಲವು ನಿಮಿಷಗಳಲ್ಲಿ ಕಣ್ಣು ನೊಂದರೆ, ಎರಡು ನಳಿಗೆಗಳೂ ಒಂದೇ ಕಡೆಗೆ ನೋಡುತ್ತಿಲ್ಲವೆಂದು ತಿಳಿದು ಹಿಂದಿರುಗಿಸಿರಿ. ಮಸೂರದಲ್ಲಿ ದೀಪದ ಪ್ರತಿಬಿಂಬವು ಬೆಳ್ಳಗೆ ಹೊಳೆಯದೆ ಹಸುರಾಗಿ ಇಲ್ಲವೆ ನೇರಳೆಯಾಗಿ ಮಸುಕಾಗಿದ್ದರೆ ಲೇಪವಿದೆಯೆಂದು ಗುರುತು. ಕೆಂಪಗೆ ಕನ್ನಡಿಯಂತೆ ಹೊಳೆಯುವ ಮಸೂರಗಳಿಗೆ ಮರುಳಾಗಬಾರದು. ಅವು ಒಳಗೆ ಬರಬೇಕಾದ ಬೆಳಕನ್ನೇ ಹಿಂದಕ್ಕೆ ಅಟ್ಟುವುವು. ಕನ್ನಡಕ ಧರಿಸುವವರು, ಕಣ್ಣನ್ನು 15 ಮಿಲಿಮೀಟರಿಗಿಂತ ಹೆಚ್ಚು ದೂರದಲ್ಲಿಟ್ಟರೂ ಪೂರ್ಣ ಚಿತ್ರ ಕಾಣುವಂತಹುದನ್ನು ಆರಿಸತಕ್ಕದ್ದು. ಬೆಟ್ಟದ ಮಂಜಿಗೂ ಮಳೆಗೂ ಒಡ್ಡುವುದಾದರೆ ನೀರು ಹೋಗದಂತೆ ಮುಚ್ಚಿ, ಒಳಗೆ ನೈಟ್ರೋಜನ್ ತುಂಬಿದುದೇ ಲೇಸು. ಅದರ ಒಳಗೆ ಮಬ್ಬು ಕಟ್ಟುವುದಿಲ್ಲ.

ಮನೆಗೆ ತಂದ ಮೇಲೆ ತೇವದಲ್ಲಿಟ್ಟರೆ ಮಸೂರಕ್ಕೆ ಬೂಷ್ಟು ಹಿಡಿಯುವುದು. ಒಣಗಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿರಿ. ಧೂಳನ್ನು ಮೊದಲು ಊದುಬುರುಡೆಯಿಂದಲೋ ಮೃದುವಾದ ಕುಂಚದಿಂದಲೋ ತೆಗೆದು ಆಮೇಲೆ ಒರಸಿರಿ. ಪಂಚೆಯ ಸೆರಗಿನಿಂದ ಉಜ್ಜಿದರೆ ಗೀರು ಬೀಳುವುದು. ಮಕ್ಕಳ ಕೈಗೆ ಕೊಡುವಾಗ ಸೂರ್ಯನ ಕಡೆಗೆ ತಿರುಗಿಸಬಾರದೆಂದು ಮರೆಯದೆ ಹೇಳಿರಿ. ಒಂದು ಕ್ಷಣದಲ್ಲಿ ಕಣ್ಣು ಹೋದೀತು.

ನನ್ನ ಸೋದರಳಿಯನು 8×42ನ್ನೇ ಕೊಂಡನು. ಕೆಲವು ತಿಂಗಳ ಮೇಲೆ ಒಂದು ಸಂಜೆ, ಅಟ್ಟಣೆಯಿಂದ ಇಳಿಯುವ ಮುನ್ನ ಹೊಲದಂಚನ್ನು ನೋಡಿದಾಗ ತಾಯಾನೆಯೂ ಮರಿಯೂ ಕಂಡುವಂತೆ. ಇಳಿಯದೆ ಅಲ್ಲಿಂದಲೇ ಅರಣ್ಯ ಸಿಬ್ಬಂದಿಗೆ ಫೋನು ಮಾಡಿದನು. ಅವರು ಬರುವಷ್ಟರಲ್ಲಿ ಒಂದಿಷ್ಟು ಬೆಳೆ ಹಾಳಾಯಿತು; ಪೂರ್ಣ ಕತ್ತಲಾದ ಮೇಲೆ ದುರ್ಬೀನೂ ಕುರುಡೇ ಎಂಬುದನ್ನು ಅವನು ಅಂದೇ ಕಲಿತನು. ಆದರೆ ಅವನು ಮನೆಗೆ ಬಂದು ಮಗುವನ್ನು ಎತ್ತಿಕೊಂಡನು. ಈಗ ಹಗಲಿನಲ್ಲಿ ಅದೇ ದುರ್ಬೀನನ್ನು ಆ ಮಗು ಕೇಳಿ ಪಡೆದು, ಬೇಲಿಯ ಮೇಲಿನ ಹಕ್ಕಿಗಳನ್ನು ಎಣಿಸುತ್ತದೆಯಂತೆ.