ಕ್ಲೌಡ್ ತಂತ್ರಾಂಶ: ಚಂದಾ ಮುಗಿದ ಮೇಲೆ ಲೆಕ್ಕಪುಸ್ತಕ ಯಾರ ಕೈಯಲ್ಲಿ?

ಸನ್ನದು ಲೆಕ್ಕಿಗರು, ತೆರಿಗೆ ಸಲಹೆಗಾರರು ಮೊದಲಾದ ವೃತ್ತಿಪರರ ಕಚೇರಿಗಳಲ್ಲಿ ಲೆಕ್ಕಪತ್ರ ತಂತ್ರಾಂಶವು ಬಹುಕಾಲ ಕಚೇರಿಯ ಗಣಕಯಂತ್ರದಲ್ಲಿಯೇ ನೆಲೆಸಿತ್ತು. ಕಕ್ಷಿದಾರರು ಪೆನ್ ಡ್ರೈವ್‌ನಲ್ಲಿ ತಂದ ದತ್ತಾಂಶವನ್ನು ಅದಕ್ಕೆ ಇಳಿಸಿಕೊಳ್ಳುವುದು ರೂಢಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು ವಿವರಪಟ್ಟಿಗಳ ಗಡುವು ಮೇಲಿಂದ ಮೇಲೆ ಎದುರಾಗತೊಡಗಿತು. 2020ರ ಲಾಕ್‌ಡೌನ್ ಕಚೇರಿಯ ಬಾಗಿಲನ್ನೇ ಮುಚ್ಚಿಸಿತು. ಕ್ಲೌಡ್ ವ್ಯವಸ್ಥೆಯತ್ತ ಅನೇಕ ಸಂಸ್ಥೆಗಳು ಒಲಿದದ್ದು ಈ ಹಿನ್ನೆಲೆಯಲ್ಲಿ.

ಈ ವ್ಯವಸ್ಥೆಯಲ್ಲಿ ತಂತ್ರಾಂಶವೂ ದತ್ತಾಂಶವೂ ಸೇವಾದಾರನ ಸರ್ವರ್‌ನಲ್ಲಿರುತ್ತವೆ. ಅಂತರ್ಜಾಲದ ಮೂಲಕ ಬಳಕೆ; ಸಾಮಾನ್ಯವಾಗಿ ಬಳಕೆದಾರರ ಸಂಖ್ಯೆಗೆ ತಕ್ಕಂತೆ ಚಂದಾ. ಕಕ್ಷಿದಾರನು ತನ್ನ ಅಂಗಡಿಯಲ್ಲಿ ನಮೂದಿಸಿದ ಬಿಲ್ಲನ್ನು ಲೆಕ್ಕಿಗನು ಆ ಕ್ಷಣವೇ ನೋಡಬಲ್ಲನು. ಈ ಅನುಕೂಲದ ಬಗೆಗೆ ಎರಡು ಮಾತಿಲ್ಲ.

ಆದರೆ ಚಂದಾ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯನ್ನು ಖರೀದಿಯ ಸಮಯದಲ್ಲಿ ಕೇಳುವವರು ವಿರಳ. ಕಕ್ಷಿದಾರರ ಪರವಾಗಿ ಲೆಕ್ಕ ಬರೆಯುವ ಸಂಸ್ಥೆಯು ತನ್ನ ಒಂದೇ ಖಾತೆಯಲ್ಲಿ ಹತ್ತಾರು ಕಂಪನಿಗಳ ಪುಸ್ತಕಗಳನ್ನು ಇರಿಸಿಕೊಳ್ಳುವುದು ಅಗ್ಗವೆಂದು ತೋರುತ್ತದೆ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನ ಪ್ರಕಾರ ಕಂಪನಿಯು 8 ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. ಚಂದಾ ಒಂದು ವರ್ಷದ್ದು, ಹೊಣೆ ಎಂಟು ವರ್ಷದ್ದು. ಕಂಪನಿಯು ಲೆಕ್ಕಿಗರನ್ನು ಬದಲಿಸಿದರೆ, ಅಥವಾ ಸಂಸ್ಥೆಯೇ ಚಂದಾ ನಿಲ್ಲಿಸಿದರೆ, ಪುಸ್ತಕಗಳ ಕೀಲಿಕೈ ಪರರ ಬಳಿ ಉಳಿಯುತ್ತದೆ. ಆದಕಾರಣ ಚಂದಾ ಕಂಪನಿಯ ಹೆಸರಿನಲ್ಲಿದ್ದು, ಲೆಕ್ಕಿಗನಿಗೆ ಪ್ರವೇಶಾಧಿಕಾರ ಮಾತ್ರ ಇರುವುದು ಲೇಸು. ಕೆಲವು ಸಾವಿರ ರೂಪಾಯಿ ಹೆಚ್ಚು ತಗುಲಿದರೂ ಚಿಂತೆಯಿಲ್ಲ.

ಸರ್ವರ್ ಇರುವ ಸ್ಥಳವೂ ಮುಖ್ಯ. 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳಂತೆ, ವಿದ್ಯುನ್ಮಾನ ಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರ್‌ನಲ್ಲಿ ಸಂಗ್ರಹವಾಗಬೇಕು. ಸೇವಾದಾರನ ವಿವರವನ್ನು ವರ್ಷಕ್ಕೊಮ್ಮೆ ಕಂಪನಿ ರಿಜಿಸ್ಟ್ರಾರರಿಗೆ ತಿಳಿಸಬೇಕು. 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ ಎಡಿಟ್ ಲಾಗ್ ಇರುವ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕಾಗಿದೆ. ಐವರು ಆರ್ಟಿಕಲ್ ವಿದ್ಯಾರ್ಥಿಗಳು ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ಕಚೇರಿಯಲ್ಲಿ ಆ ಲಾಗ್ ಐವರ ಕೆಲಸವನ್ನೂ ಒಬ್ಬರ ಹೆಸರಿಗೇ ಬರೆಯುತ್ತದೆ! ಕಕ್ಷಿದಾರನ ಒಪ್ಪಿಗೆಯಿಲ್ಲದೆ ಅವನ ಮಾಹಿತಿಯನ್ನು ಪರರಿಗೆ ತಿಳಿಸುವುದು 1949ರ ಸನ್ನದು ಲೆಕ್ಕಿಗರ ಕಾಯ್ದೆಯನ್ವಯ ವೃತ್ತಿ ದುರ್ನಡತೆ. ಆದ್ದರಿಂದ ಕ್ಲೌಡ್ ಬಳಕೆಗೆ ಲಿಖಿತ ಸಮ್ಮತಿ ಪಡೆದಿರುವುದು ಕ್ಷೇಮ.

ಒಪ್ಪಂದಕ್ಕೆ ಮುನ್ನ ಒಂದು ಪರೀಕ್ಷೆ ಅಗತ್ಯ. ಮಾದರಿ ಲೆಕ್ಕವೊಂದನ್ನು ತಂತ್ರಾಂಶಕ್ಕೆ ಸೇರಿಸಿ, ಮರಳಿ ಹೊರತೆಗೆದು ನೋಡಬೇಕು. ಖಾತೆಗಳ ಶಿಲ್ಕು ಎಕ್ಸೆಲ್‌ನಲ್ಲಿ ಸುಲಭವಾಗಿ ಬಂದೀತು. ವೋಚರುಗಳಿಗೆ ಲಗತ್ತಿಸಿದ ಬಿಲ್ಲಿನ ಪ್ರತಿಗಳೂ ಎಡಿಟ್ ಲಾಗೂ ಬರುತ್ತವೆಯೇ ಎಂಬುದನ್ನು ಕಣ್ಣಾರೆ ಕಾಣಬೇಕು. ಬಾರದಿದ್ದರೆ ಚಂದಾದರ ಎಷ್ಟೇ ಕಡಿಮೆಯಿದ್ದರೂ ಆ ಸೇವೆ ಬೇಡ.

ಬದಲಾವಣೆಗೆ ಏಪ್ರಿಲ್ ಸೂಕ್ತ. ಒಂದೆರಡು ತಿಂಗಳು ಹಳೆಯ ವ್ಯವಸ್ಥೆಯೂ ಜೊತೆಗೆ ನಡೆಯಲಿ. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ 20ನೇ ತಾರೀಖು ಕೊನೆಯ ದಿನ. ಆ ದಿನವೇ ಅಂತರ್ಜಾಲ ಕೈಕೊಡುವ ಸಂಭವವಿರುವ ಊರುಗಳಲ್ಲಿ ಬೇರೊಂದು ಕಂಪನಿಯ ಎರಡನೆಯ ಸಂಪರ್ಕದ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.